ಏಣಿಯ ಗಡ್ಡ

ನನ್ನ ತಮ್ಮನಿಗೆ ಕೂತಲ್ಲಿ ಕೂರುವ ಗುಣ ಹುಟ್ಟಿನಿಂದಲೇ ಇಲ್ಲ. ಊಟಕ್ಕೆ ಕೂತರೆ ನಾಲ್ಕು ತುತ್ತಿಗೊಮ್ಮೆ ಎದ್ದು ಕಿಟಕಿಯಲ್ಲಿ ಇಣುಕಿ ಬರುತ್ತಾನೆ. ಬಸ್ಸಿನಲ್ಲಿ ಸೀಟು ಸಿಕ್ಕರೂ ಯಾರಿಗಾದರೂ ಬಿಟ್ಟುಕೊಟ್ಟು ಕಂಬಿ ಹಿಡಿದು ನಿಲ್ಲುತ್ತಾನೆ. ಜನ ಅದನ್ನು ಸಭ್ಯತೆ ಅಂದುಕೊಳ್ಳುತ್ತಾರೆ, ನಾನು ಏನೂ ಹೇಳಲು ಹೋಗುವುದಿಲ್ಲ. ಅವನು ಹಿಡಿದ ಕೆಲಸವೂ ಅದಕ್ಕೆ ತಕ್ಕದ್ದೇ, ಕ್ಷೌರದ ಅಂಗಡಿ. ದಿನವಿಡೀ ನಿಂತುಕೊಂಡು ಕುರ್ಚಿಯ ಸುತ್ತ ಸುತ್ತುವುದು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕನ್ನಡಿ ಒರೆಸುತ್ತಾನೆ, ಗುಡಿಸಿದ ನೆಲವನ್ನೇ ಮತ್ತೆ ಗುಡಿಸುತ್ತಾನೆ. ಅಷ್ಟು ಮೆತ್ತನೆಯ ಕುರ್ಚಿ ಇಟ್ಟುಕೊಂಡು ಅವನು ಒಂದು ದಿನವೂ ಅದರಲ್ಲಿ ಕೂತಿದ್ದನ್ನು ನಾನು ನೋಡಿರಲಿಲ್ಲ.

ನನ್ನದು ಪಕ್ಕದ ಹೊಲಿಗೆ ಅಂಗಡಿ. ನಡುವೆ ಇರುವುದು ಒಂದು ಹಲಗೆ ಗೋಡೆ, ಅದರಲ್ಲೊಂದು ಸಣ್ಣ ಬಾಗಿಲು. ಗೋಡೆ ಸೂರಿನವರೆಗೆ ಮುಟ್ಟುವುದಿಲ್ಲವಾದ್ದರಿಂದ ಆ ಕಡೆಯ ಮಾತು, ಕೆಮ್ಮು, ಕತ್ತರಿಯ ಸದ್ದು ಎಲ್ಲ ಈ ಕಡೆಗೆ ಬರುತ್ತವೆ. ನನಗೇನು ಕದ್ದು ಕೇಳುವ ಚಾಳಿ ಇಲ್ಲ. ಕಿವಿ ಇದೆ, ಕೇಳಿಸುತ್ತದೆ.

ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು ನಾನು. ಅದಕ್ಕೇ ಅವನನ್ನು ಬೈಯುವ ಹಕ್ಕು ಪೂರ್ತಿ ನನ್ನದೆಂದು ತಿಳಿದುಕೊಂಡಿದ್ದೇನೆ. ಮೀಸೆ ಮೂಡಬೇಕಾದ ವಯಸ್ಸಿನಲ್ಲಿ ಅವನಿಗೆ ಮೀಸೆ ಮೂಡಲಿಲ್ಲ, ಬದಲಿಗೆ ಕಾಲು ಬೆಳೆಯತೊಡಗಿತು. ಬೆಳೆದೇ ಬೆಳೆಯಿತು. ಪ್ಯಾಂಟಿನ ತುದಿಯ ಮಡಿಕೆ ಬಿಚ್ಚಿ ಉದ್ದ ಮಾಡಿಕೊಟ್ಟರೆ ಎರಡು ತಿಂಗಳಿಗೆ ಮತ್ತೆ ಕಣಕಾಲು ಕಾಣುತ್ತಿತ್ತು. ಕೊನೆಗೆ ಅವನ ಬಟ್ಟೆ ಹೊಲಿಯುವಾಗ ಒಂದು ಗೇಣು ಬಟ್ಟೆ ಒಳಗೆ ಮಡಿಚಿಡುವುದನ್ನು ರೂಢಿ ಮಾಡಿಕೊಂಡೆ. ಬೀದಿಯವರು ಅವನಿಗೆ ಏಣಿ ಎಂದು ಹೆಸರಿಟ್ಟರು. ಅಂಗಡಿಗೆ ಅವನು ಬೇರೇನೋ ಚೆಂದದ ಹೆಸರು ಬರೆಸಿದ್ದರೂ ಜನರ ಬಾಯಲ್ಲಿ ಅದು ಏಣಿ ಅಂಗಡಿಯೇ.

ಎತ್ತರದ ತಮಾಷೆಯನ್ನು ಅವನು ನಕ್ಕು ತಳ್ಳಿಹಾಕುತ್ತಿದ್ದ. ಗಡ್ಡದ ತಮಾಷೆ ಹಾಗಲ್ಲ. ಊರವರ ಗಡ್ಡ ಕೆರೆಯುವವನ ಮುಖದಲ್ಲಿ ಒಂದು ಕೂದಲಿಲ್ಲ ಎಂದರೆ ಯಾರು ಸುಮ್ಮನಿರುತ್ತಾರೆ? ಅದರಲ್ಲೂ ಶನಿವಾರ ಬರುವ ಬಸ್ ಡಿಪೋದ ಟೈಂಕೀಪರ್ ಒಬ್ಬರಿದ್ದಾರೆ, ಬಾಯಿಗೆ ಬ್ರೇಕಿಲ್ಲದ ಮನುಷ್ಯ. "ನಿನ್ನ ಅಂಗಡೀಲಿ ನಿನ್ನೊಬ್ಬನನ್ನ ಬಿಟ್ಟು ಊರಿಗೆಲ್ಲ ಬ್ಲೇಡು ಸವೆಯುತ್ತಲ್ಲಪ್ಪಾ" ಎಂದು ಕುರ್ಚಿಯಲ್ಲಿ ಹೊಟ್ಟೆ ಕುಣಿಸಿ ನಗುತ್ತಿದ್ದರು. ತಮ್ಮನೂ ನಗುತ್ತಿದ್ದ. ಆದರೆ ಅವರು ಹೋದ ಮೇಲೆ ಕನ್ನಡಿಯ ಮುಂದೆ ನಿಂತು ಕೆನ್ನೆಯನ್ನು ಬೆಳಕಿಗೆ ತಿರುಗಿಸಿ ನೋಡಿಕೊಳ್ಳುವುದನ್ನು ನಾನು ಆ ಸಣ್ಣ ಬಾಗಿಲಿನಿಂದ ಎಷ್ಟೋ ಸಲ ಕಂಡಿದ್ದೇನೆ.

ಅವನ ಹೆಂಡತಿ ಡ್ರೈವಿಂಗ್ ಕಲಿಸುವವಳು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ಕಾಲ ಬುಡದಲ್ಲಿ ಇನ್ನೊಂದು ಬ್ರೇಕ್ ಇಟ್ಟುಕೊಂಡು, ಎದುರಿಗೆ ಲಾರಿ ಬಂದರೂ ದನಿ ಏರಿಸದೆ "ನಿಧಾನ, ನಿಧಾನ" ಅನ್ನುವ ಹೆಣ್ಣು. ನನಗೆ ಅವಳನ್ನು ಕಂಡರೆ ಸ್ವಲ್ಪ ಹೆದರಿಕೆಯೇ, ಏಕೆಂದರೆ ನಾನು ಎಷ್ಟು ಕೂಗಾಡಿದರೂ ಅವಳು ಒಂದೇ ದನಿಯಲ್ಲಿ ಉತ್ತರ ಕೊಡುತ್ತಾಳೆ. ಮಕ್ಕಳೆಂದರೆ ಅವಳಿಗೆ ಪ್ರಾಣ. ಮದುವೆಯಾಗಿ ವರ್ಷಗಳು ಕಳೆದರೂ ಮಗುವಾಗಲಿಲ್ಲ.

ಆ ನಡುವೆ ಅವನು ಸುಸ್ತು, ಮೂಳೆ ನೋವು ಎಂದು ಒಬ್ಬ ಡಾಕ್ಟರ ಹತ್ತಿರ ಹೋದ. ಅವರು ರಕ್ತ ಪರೀಕ್ಷೆ ಮಾಡಿಸಿ, ಗಂಡಸರ ಹಾರ್ಮೋನು ಕಡಿಮೆ ಇದೆಯೆಂದು ದಿನಾ ಹೆಗಲಿಗೆ ಹಚ್ಚಿಕೊಳ್ಳುವ ಜೆಲ್ ಕೊಟ್ಟರು. ಮಗುವಿನ ವಿಷಯವನ್ನು ಈ ಮಹಾಶಯ ನಾಚಿಕೆಯಿಂದ ಬಾಯಿಬಿಡಲಿಲ್ಲ, ಅವರೂ ಕೇಳಲಿಲ್ಲ. ಜೆಲ್ ಹಚ್ಚತೊಡಗಿದ ಮೇಲೆ ಸುಸ್ತು ಹೋಯಿತು. ಆಮೇಲೆ, ಮೂವತ್ತು ದಾಟಿದ ಮೇಲೆ, ಗಡ್ಡ ಬಂತು. ಮೊದಲು ಗಲ್ಲದ ಮೇಲೆ, ಆಮೇಲೆ ಕೆನ್ನೆಗೂ ಹಬ್ಬಿತು. ಅವನ ಸಂತೋಷವನ್ನು ಏನೆಂದು ಹೇಳಲಿ. ದಿನಕ್ಕೆರಡು ಸಲ ಅದರ ಅಂಚು ತಿದ್ದುತ್ತಿದ್ದ. ಟೈಂಕೀಪರ್ ಬಂದ ದಿನ ಬೇಕೆಂದೇ ಗಡ್ಡ ನೀವಿಕೊಳ್ಳುತ್ತಾ "ಹೇಳಿ ಸಾರ್, ಇವತ್ತು ಏನು ಮಾಡಲಿ?" ಅಂದ. ಟೈಂಕೀಪರಿಗೆ ಮೊದಲ ಸಲ ಮಾತು ಸಿಗಲಿಲ್ಲ. ನಾನು ಹಲಗೆಯ ಈ ಕಡೆ ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕೆ.

ಕೊನೆಗೆ ಮಕ್ಕಳಾಗದವರಿಗೆಂದೇ ಇರುವ ಆಸ್ಪತ್ರೆಗೆ ಅವನ ಹೆಂಡತಿ ಅವನನ್ನು ಎಳೆದುಕೊಂಡು ಹೋದಳು. ಅವನಿಗೆ ಧೈರ್ಯ ಸಾಲದೆಂದು ನನ್ನನ್ನೂ ಕರೆದ. ವೀರ್ಯ ಪರೀಕ್ಷೆಯಲ್ಲಿ ಏನೂ ಇಲ್ಲ, ಖಾಲಿ. ಇನ್ನೊಂದು ರಕ್ತ ಪರೀಕ್ಷೆಯ ಫಲಿತಾಂಶ ಬರಲು ವಾರಗಳು ಹಿಡಿದವು. ಅದು ಬಂದ ದಿನ ಅಲ್ಲಿಯ ಡಾಕ್ಟರಮ್ಮ ನಮ್ಮನ್ನು ಎದುರಿಗೆ ಕೂರಿಸಿಕೊಂಡು, ತಮ್ಮ ನಿಂತೇ ಇದ್ದ ಅನ್ನಿ, ಬಿಡಿಸಿ ಹೇಳಿದರು.

"ಗಂಡಸರಲ್ಲಿ ಒಂದು ಎಕ್ಸ್, ಒಂದು ವೈ ಕ್ರೋಮೋಸೋಮ್ ಇರುತ್ತೆ. ನಿಮ್ಮಲ್ಲಿ ಒಂದು ಎಕ್ಸ್ ಹೆಚ್ಚಿಗೆ ಇದೆ. ಹುಟ್ಟುವಾಗಲೇ ಬಂದದ್ದು, ಯಾರ ತಪ್ಪೂ ಅಲ್ಲ. ಕಾಲು ಉದ್ದ ಇರೋದು, ಗಡ್ಡ ಕಡಿಮೆ ಇದ್ದದ್ದು, ವೀರ್ಯಾಣು ಇಲ್ಲದ್ದು, ಎಲ್ಲ ಅದರಿಂದಲೇ."

"ಹೆಚ್ಚಾಗಿರೋದನ್ನ ಕತ್ತರಿಸೋಕೆ ಆಗಲ್ವಾ ಡಾಕ್ಟ್ರೇ?" ಅಂದ ನಮ್ಮ ಕ್ಷೌರಿಕ.

ಡಾಕ್ಟರಮ್ಮ ನಗಲಿಲ್ಲ. "ಅದು ಆಗಲ್ಲ. ಆದರೆ ಬೇರೆ ದಾರಿ ಇದೆ" ಅಂದರು. ವೃಷಣದೊಳಗೆ ಎಲ್ಲೋ ಒಂದು ಮೂಲೆಯಲ್ಲಿ ಸ್ವಲ್ಪ ವೀರ್ಯಾಣು ತಯಾರಾಗುತ್ತಿರುವ ಸಾಧ್ಯತೆ ಉಂಟಂತೆ. ಮಂಪರಿನ ಔಷಧಿ ಕೊಟ್ಟು, ಸಣ್ಣದಾಗಿ ತೆರೆದು, ಮೈಕ್ರೋಸ್ಕೋಪಿನಲ್ಲಿ ಒಳಗಿನ ನೂಲಿನಂಥ ನಾಳಗಳನ್ನು ಒಂದೊಂದಾಗಿ ನೋಡುತ್ತ ಹುಡುಕುವುದು. ಸಿಕ್ಕರೆ ಒಂದೊಂದನ್ನು ಹೆಂಡತಿಯ ಒಂದೊಂದು ಅಂಡಾಣುವಿನೊಳಗೆ ಸೂಜಿಯಿಂದ ಸೇರಿಸುವುದು. ಸುಮಾರು ಅರ್ಧದಷ್ಟು ಜನರಿಗೆ ಸಿಗುತ್ತದೆ, ಉಳಿದವರಿಗೆ ಸಿಗುವುದಿಲ್ಲ. "ಸಿಕ್ಕರೆ, ನಿಮ್ಮ ಮಗುವಿಗೂ ಹೀಗೇ ಆಗಬೇಕು ಅಂತೇನಿಲ್ಲ" ಎಂದೂ ಹೇಳಿದರು. ಆಮೇಲೆ ಅವರ ಕಣ್ಣು ಗಡ್ಡದ ಮೇಲೆ ಬಿತ್ತು.

"ಹಾರ್ಮೋನು ತಗೋತಿದ್ದೀರಾ?"

ಜೆಲ್ಲಿನ ಕಥೆ ಹೊರಬಂತು. ಅದನ್ನು ಈ ದಿನವೇ ನಿಲ್ಲಿಸಬೇಕು ಅಂದರು. ಹಾರ್ಮೋನು ಹೊರಗಿನಿಂದ ಬಂದರೆ ಮೈ ತಾನಾಗಿ ಮಾಡುವ ಕೆಲಸ ಬಿಡುತ್ತದೆ, ಎಲ್ಲೋ ಒಂದು ಚೂರು ವೀರ್ಯಾಣು ಆಗುತ್ತಿದ್ದರೂ ಅದೂ ನಿಂತುಹೋಗುತ್ತದೆ. ನಾಲ್ಕು ತಿಂಗಳು ಬಿಟ್ಟು ಆಪರೇಷನ್. ಅವನ ಹೆಂಡತಿಯ ಅಂಡಾಣುಗಳು ವಯಸ್ಸಿಗೆ ಮೀರಿ ಕಡಿಮೆಯಾಗುತ್ತಿವೆ, ಹಾಗಾಗಿ ಅದಕ್ಕಿಂತ ಹೆಚ್ಚು ತಡ ಮಾಡುವುದು ಬೇಡ ಎಂದೂ ಹೇಳಿದರು. ಅವಳು ತಲೆಯಾಡಿಸಿದಳು. ತಮ್ಮ ಗಡ್ಡ ಮುಟ್ಟಿಕೊಂಡ.

ಜೆಲ್ ಬಿಟ್ಟ. ಅದರಲ್ಲಿ ಸುಳ್ಳಿಲ್ಲ, ಡಬ್ಬಿಯನ್ನು ನನ್ನ ಕೈಗೇ ತಂದುಕೊಟ್ಟ. ಬಿಟ್ಟ ಮೇಲೆ ಮಾತ್ರ ಅವನನ್ನು ನೋಡಲಾಗುತ್ತಿರಲಿಲ್ಲ. ಸುಸ್ತು ಹಿಂದಿರುಗಿತು, ಆದರೂ ಕಾಲು ನಿಲ್ಲಲೊಲ್ಲದು. ಕತ್ತರಿ ಕೈಜಾರಿ ಬೀಳುತ್ತಿತ್ತು. ಗಿರಾಕಿಗಳ ಮೇಲೆ ರೇಗುತ್ತಿದ್ದ, ನನ್ನ ಅಂಗಡಿಗೆ ಬಂದು ಬಟ್ಟೆಯ ಸುರುಳಿಗಳನ್ನು ಸುಮ್ಮನೆ ಅತ್ತಿಂದಿತ್ತ ಜೋಡಿಸಿ ಹೋಗುತ್ತಿದ್ದ. ಕೆನ್ನೆಯ ಕೂದಲು ತೆಳ್ಳಗಾಗುತ್ತಾ ಬಂತು. ಟೈಂಕೀಪರ್ ಅದನ್ನು ಗುರುತಿಸದೆ ಬಿಡುತ್ತಾರೆಯೇ? "ಏನಪ್ಪಾ, ಬಂದ ದಾರಿಗೆ ಸುಂಕ ಇಲ್ಲ ಅಂತ ವಾಪಸ್ ಹೊರಟಿತಾ?" ಅಂದರು. ಆ ದಿನ ತಮ್ಮ ನಗಲಿಲ್ಲ.

ಎರಡು ತಿಂಗಳಾಗುವ ಹೊತ್ತಿಗೆ ಅವನು ಮತ್ತೆ ಗೆಲುವಾದ. ಗಡ್ಡವೂ ಚಿಗುರಿತು. ನಾವು ಹೆಂಗಸರಿಬ್ಬರೂ ಹಳೆಯ ಜೆಲ್ಲಿನ ಬಲ ಇನ್ನೂ ಮೈಯಲ್ಲಿದೆ ಎಂದುಕೊಂಡು ಖುಷಿಪಟ್ಟೆವು. ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಒಂದು ಕಂದು ಬಣ್ಣದ ಸೀಸೆ ಇತ್ತು. ಅದನ್ನು ನಾನು ದಿನಾ ನೋಡುತ್ತಿದ್ದೆ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಅದರಿಂದ ಅಂಗೈಗೆ ಒಂದಿಷ್ಟು ಎಣ್ಣೆ ಸುರಿದು ಮುಖಕ್ಕೆ ತಿಕ್ಕುತ್ತಿದ್ದ. ಸೋಪು, ಪೌಡರು ತಂದುಕೊಡುವ ವ್ಯಾಪಾರಿ ಬಿಟ್ಟುಹೋದ ಗಡ್ಡದ ಎಣ್ಣೆ. ಚೀಟಿಯ ಮೇಲೆ ಹೆಸರಿಲ್ಲ, ವಿಳಾಸವಿಲ್ಲ, ಬರೀ ಒಂದು ಕುದುರೆಯ ಚಿತ್ರ. ಟೈಂಕೀಪರ್ ನನ್ನ ಬೋಳು ತಲೆಗೂ ಅದನ್ನೇ ಹಚ್ಚು ಎಂದು ಗಂಟುಬಿದ್ದಿದ್ದರು. ಕ್ಷೌರದ ಅಂಗಡಿಯಲ್ಲಿ ಎಣ್ಣೆ ಸೀಸೆ ಇದ್ದರೆ ಯಾರಿಗೆ ಅನುಮಾನ ಬರುತ್ತದೆ ಹೇಳಿ.

ಆಪರೇಷನ್ನಿಗೆ ಮುಂಚಿನ ರಕ್ತ ಪರೀಕ್ಷೆ ನೋಡಿ ಡಾಕ್ಟರಮ್ಮನ ಹುಬ್ಬು ಗಂಟಿಕ್ಕಿತು. "ನೀವು ಜೆಲ್ ಬಿಟ್ಟಿಲ್ಲ" ಅಂದರು.

"ಬಿಟ್ಟಿದ್ದೀನಿ ಡಾಕ್ಟ್ರೇ. ಅಕ್ಕನ್ನ ಬೇಕಾದ್ರೆ ಕೇಳಿ."

"ಹಾಗಾದರೆ ಹಾರ್ಮೋನು ಇಷ್ಟು ಹೇಗೆ ಏರುತ್ತೆ? ಬೇರೆ ಏನಾದ್ರೂ? ಮಾತ್ರೆ, ಪುಡಿ, ಟಾನಿಕ್ಕು?"

ಅವನು ಬಾಗಿಲ ಕಡೆ ನೋಡುತ್ತಾ ನಿಂತ. ನನ್ನ ಬಾಯಿ ಸುಮ್ಮನಿರುವ ಜಾತಿಯದ್ದಲ್ಲ. "ಗಡ್ಡದ ಎಣ್ಣೆ ಹಚ್ಕೊಳ್ತಾನೆ ಅಷ್ಟೇ, ಹೆಸರೂ ಇಲ್ಲದ ಸೀಸೆ" ಅಂದೆ. ಅವನ ಪರವಾಗಿ ಮಾತಾಡುತ್ತಿದ್ದೇನೆ ಎಂದೇ ನಾನು ತಿಳಿದಿದ್ದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಇಂಥ ಹೆಸರಿಲ್ಲದ ಸೀಸೆಗಳಲ್ಲಿ ಏನೇನೋ ಬೆರೆಸಿರುತ್ತಾರೆ, ಅದೇ ಹಾರ್ಮೋನೂ ಇರಬಹುದು ಅಂದರು. ಎಣ್ಣೆ ನಿಲ್ಲಿಸಿ, ಮತ್ತೆ ಮೊದಲಿನಿಂದ ನಾಲ್ಕು ತಿಂಗಳು. ಅವನ ಹೆಂಡತಿ ಒಂದೇ ಪ್ರಶ್ನೆ ಕೇಳಿದಳು, "ಅಷ್ಟರಲ್ಲಿ ನನ್ನ ಅಂಡಾಣು?" ಅದಕ್ಕೆ ಡಾಕ್ಟರಮ್ಮ, "ನೋಡೋಣ" ಅಂದರು.

ಡ್ರೈವಿಂಗ್ ಕಲಿಸುವ ಆ ಕಾರಿನಲ್ಲೇ ಮನೆಗೆ ಹೊರಟೆವು. ಅವಳು ಓಡಿಸುತ್ತಿದ್ದಳು. ಪಕ್ಕದಲ್ಲಿ, ಅವಳು ದಿನಾ ಕೂರುವ ಸೀಟಿನಲ್ಲಿ, ತಮ್ಮ ಮೊಣಕಾಲನ್ನು ಗಲ್ಲದವರೆಗೆ ಮಡಿಚಿ ಕೂತಿದ್ದ. ನಾನು ಹಿಂದೆ. ಅವನ ಕಾಲು ಅಲುಗುತ್ತಲೇ ಇತ್ತು. ಸಿಗ್ನಲ್ ದಾಟಿ ಸೇತುವೆಗೆ ಬರುವಷ್ಟರಲ್ಲಿ ಕಾರು ಧಡ್ಡನೆ ನಿಂತಿತು, ನನ್ನ ಹಣೆ ಮುಂದಿನ ಸೀಟಿಗೆ ಬಡಿಯಿತು. ಹಿಂದಿನ ಗಾಡಿಯವನು ಹಾರ್ನ್ ಒತ್ತಿ ಬೈದುಕೊಂಡು ಹೋದ. ಕಾಲ ಬುಡದ ಆ ಇನ್ನೊಂದು ಬ್ರೇಕನ್ನು ತಮ್ಮ ತುಳಿದುಬಿಟ್ಟಿದ್ದ.

"ನನಗೆ ಗೊತ್ತಿತ್ತು" ಅಂದ.

ಅವಳು ಸ್ಟಿಯರಿಂಗ್ ಹಿಡಿದೇ ಇದ್ದಳು. "ಏನು ಗೊತ್ತಿತ್ತು?"

"ಎಷ್ಟು ವರ್ಷದಿಂದ ಎಣ್ಣೆ ಮಾರ್ತಿದ್ದೀನಿ. ಯಾವ ಎಣ್ಣೆಯಿಂದಲೂ ಯಾರ ಮುಖದಲ್ಲೂ ಒಂದು ಕೂದಲು ಹುಟ್ಟಿದ್ದು ನಾನು ಕಂಡಿಲ್ಲ. ಇದು ಮೂರು ವಾರಕ್ಕೇ ಬಂತು. ಬರೀ ಎಣ್ಣೆ ಅಲ್ಲ ಅಂತ ಆವತ್ತೇ ಅನ್ನಿಸ್ತು. ಕೇಳಿದ್ರೆ ಬಿಡು ಅಂತಾರೆ, ಅದಕ್ಕೇ ಕೇಳಲಿಲ್ಲ."

ನನಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಅಷ್ಟು ಉದ್ದದವನು ಅಷ್ಟು ಕುಗ್ಗಿ ಕೂತದ್ದನ್ನು ನೋಡಿ ತಲೆ ನೇವರಿಸಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಹಣೆ ಉಜ್ಜಿಕೊಳ್ಳುತ್ತಾ ಕೂತೆ. ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ. "ಬ್ರೇಕಿಂದ ಕಾಲು ತೆಗೀರಿ" ಅಂದಳು. ತೆಗೆದ. ಕಾರು ಹೊರಟಿತು. ಮನೆ ಮುಟ್ಟುವವರೆಗೆ ಅವಳ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು, ಗೇರು ಬದಲಿಸುವುದರಲ್ಲಿ ಮಾತ್ರ ಒಂದು ತಪ್ಪೂ ಆಗಲಿಲ್ಲ.

ಮರುದಿನ ಬೆಳಗ್ಗೆ ಅವನು ಸೀಸೆಯನ್ನು ಚರಂಡಿಗೆ ಸುರಿದು ಬಂದ. ಆಮೇಲೆ ಕನ್ನಡಿಯ ಮುಂದೆ ನಿಂತು, ಗಿರಾಕಿಗೆ ಹಚ್ಚುವ ಹಾಗೇ ನೊರೆ ಹಚ್ಚಿ, ಗಡ್ಡವನ್ನು ಪೂರ್ತಿ ತೆಗೆದ. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ಕಾರಿನ ಕೀಲಿ ಹಿಡಿದು ಅದೇ ಹೊತ್ತಿಗೆ ಬಂದಳು. ಅವನ ಬೋಳು ಮುಖ ನೋಡಿದಳು.

"ನಾನು ಒಪ್ಪಿ ಮದುವೆ ಆಗಿದ್ದು ಈ ಮುಖಾನ" ಅಂದಳು. "ಇದರಲ್ಲಿ ಏನು ಕಮ್ಮಿ ಅಂತ ನನ್ನ ಒಂದು ಮಾತು ಕೇಳಬಾರದಿತ್ತಾ?" ಉತ್ತರಕ್ಕೆ ಕಾಯದೆ ಕೆಲಸಕ್ಕೆ ಹೋದಳು. ಅವಳಿಗೆ ಸಿಟ್ಟು ಇಳಿಯಲು ಎಷ್ಟೋ ವಾರ ಬೇಕಾದವು. ಇಳಿಯಬಾರದಿತ್ತು ಎಂದು ನಾನು ಹೇಳಲಾರೆ, ಬೇಗ ಇಳಿಯಬೇಕಿತ್ತು ಎಂದೂ ಹೇಳಲಾರೆ.

ಆ ನಾಲ್ಕು ತಿಂಗಳು ನಮ್ಮ ಮೂವರಲ್ಲಿ ಯಾರಿಗೂ ನೆಮ್ಮದಿಯಿರಲಿಲ್ಲ. ನಾನು ಹೊಲಿದದ್ದನ್ನು ಬಿಚ್ಚುತ್ತಿದ್ದೆ. ಒಬ್ಬರ ಅಳತೆಗೆ ಇನ್ನೊಬ್ಬರ ತೋಳು ಜೋಡಿಸಿ ಬೈಗುಳ ತಿಂದೆ. ಹಲಗೆಯಾಚೆಯಿಂದ ಅವನ ಚಪ್ಪಲಿಯ ಸದ್ದು, ಬಾಗಿಲಿಗೆ ಹೋಗುವುದು, ಕನ್ನಡಿಗೆ ಬರುವುದು, ಮತ್ತೆ ಬಾಗಿಲಿಗೆ. ಆಸ್ಪತ್ರೆಯಲ್ಲಿ ಸಲಹೆ ಕೊಡುವವಳೊಬ್ಬಳಿದ್ದಳು, ಮೆಲುದನಿಯ ಹುಡುಗಿ. ಒಂದು ವೇಳೆ ಏನೂ ಸಿಗದಿದ್ದರೆ ದಾನಿಯ ವೀರ್ಯಾಣು ಬಳಸಲು ಒಪ್ಪಿಗೆಯೇ, ಮುಂಚೆಯೇ ಯೋಚಿಸಿಡಿ ಎಂದು ಅವಳು ಹೇಳಿದ್ದಳು. ಆ ಮಾತಿಗೆ ತಮ್ಮ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವನ ಹೆಂಡತಿ, "ಅವರೇ ಹೇಳಲಿ, ನಾನು ತಳ್ಳಲ್ಲ" ಅಂದಳು.

ಆಪರೇಷನ್ನಿಗೆ ಸ್ವಲ್ಪ ದಿನ ಇರುವಾಗ ಟೈಂಕೀಪರ್ ಬಂದರು. ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕಣ್ಣುಮುಚ್ಚಿ, "ಏನಪ್ಪಾ ಏಣಿ, ಒಂದು ಮಗು ಆಗೋಕೆ ಇಷ್ಟು ಹೊತ್ತಾ? ನಮ್ಮ ಡಿಪೋ ಬಸ್ಸೂ ಇಷ್ಟು ತಡ ಮಾಡಲ್ಲ" ಅಂದರು. ಕಾಯುತ್ತಿದ್ದ ಇಬ್ಬರು ನಕ್ಕರು. ನಾನು ಪೆಡಲ್ ನಿಲ್ಲಿಸಿದೆ.

"ಅಲ್ಲಾಡಬೇಡಿ ಸಾರ್" ಅಂದ ತಮ್ಮ. ಬ್ಲೇಡು ಅವರ ಗಂಟಲ ಮೇಲಿತ್ತು. "ನನಗೆ ಹುಟ್ಟಿನಿಂದಲೇ ಒಂದು ಕ್ರೋಮೋಸೋಮ್ ಹೆಚ್ಚಿಗೆ ಇದೆ. ಅದಕ್ಕೇ ಗಡ್ಡ ಬರಲ್ಲ, ಮಗುವೂ ಆಗಿಲ್ಲ. ಮುಂದಿನ ವಾರ ಆಪರೇಷನ್. ವೀರ್ಯಾಣು ಇದೆಯಾ ಅಂತ ಮೈಕ್ರೋಸ್ಕೋಪಲ್ಲಿ ಹುಡುಕ್ತಾರೆ. ಇದ್ದರೆ ಇದೆ, ಇಲ್ಲದಿದ್ರೆ ಇಲ್ಲ. ಈಗ ಆ ಕೆನ್ನೆ ತಿರುಗಿಸಿ."

ಟೈಂಕೀಪರ್ ಉಗುಳು ನುಂಗಲೂ ಹೆದರಿ, ಮೆಲ್ಲಗೆ ಕೆನ್ನೆ ತಿರುಗಿಸಿದರು. ಬ್ಲೇಡು ಗಂಟಲಿನಿಂದ ದೂರ ಹೋದ ಮೇಲೆ ಕೇಳಿದರು, "ನೋವಾಗುತ್ತಾ?"

"ಮಂಪರು ಕೊಡ್ತಾರಂತೆ."

"ಒಳ್ಳೇದಾಯ್ತು" ಅಂದರು. ಎದ್ದು ಹೋಗುವಾಗ ಅವನ ತೋಳನ್ನು ಒಂದು ಸಲ ಒತ್ತಿ ಹೋದರು. ಹೆಗಲು ಅವರ ಕೈಗೆ ಎಟುಕುವುದಿಲ್ಲ.

ಆಪರೇಷನ್ನಿನ ದಿನ ಗಂಡ ಹೆಂಡತಿ ಇಬ್ಬರನ್ನೂ ಅಕ್ಕಪಕ್ಕದ ಕೋಣೆಗಳಿಗೆ ಕರೆದುಕೊಂಡು ಹೋದರು. ಅವಳ ಅಂಡಾಣು ತೆಗೆಯುವುದು ಬೇಗ ಮುಗಿಯಿತು. ಇವನದು ಮುಗಿಯಲಿಲ್ಲ. ಹೊರಗೆ ಉದ್ದನೆಯ ಓಣಿ, ಗೋಡೆಯುದ್ದಕ್ಕೂ ಕುರ್ಚಿಗಳು. ನಾನು ಕೂತೆ, ಎದ್ದೆ, ನೀರು ಕುಡಿದೆ, ಗೋಡೆಯ ಮೇಲಿನ ಮಕ್ಕಳ ಚಿತ್ರಗಳನ್ನು ಎಣಿಸಲು ಹೋಗಿ ಅರ್ಧಕ್ಕೆ ಬಿಟ್ಟೆ. ತಮ್ಮನನ್ನು ಕೂತಲ್ಲಿ ಕೂರದವನು ಎಂದು ಜೀವಮಾನವಿಡೀ ಬೈದವಳು ನಾನು. ಆ ದಿನ ನರ್ಸ್ ಬಂದು, "ಸ್ವಲ್ಪ ಕೂತ್ಕೊಳ್ಳಿ ಅಮ್ಮಾ, ತಲೆ ತಿರುಗುತ್ತೆ" ಅಂದಾಗಲೇ ನನಗೆ ಗೊತ್ತಾದದ್ದು, ಆ ಗುಣ ಅವನೊಬ್ಬನದಲ್ಲ ಎಂದು.

ಪ್ರಯೋಗಾಲಯದ ಟೋಪಿ ಹಾಕಿದ ಯುವಕ ಒಮ್ಮೆ ಹೊರಬಂದು, ಒಂದು ಕಡೆ ಏನೂ ಸಿಗಲಿಲ್ಲ, ಇನ್ನೊಂದು ಕಡೆ ನೋಡುತ್ತಿದ್ದೇವೆ ಅಂದ. ಊಟದ ಹೊತ್ತು ಮೀರಿತು. ತೆಗೆದ ತುಣುಕುಗಳನ್ನೆಲ್ಲ ಒಳಗೆ ಇನ್ನೂ ಇಬ್ಬರು ಕೂತು ಹುಡುಕುತ್ತಿದ್ದಾರಂತೆ. ಸಂಜೆಯ ಬೆಳಕು ಓಣಿಯ ಕಿಟಕಿಗೆ ಬಂದಾಗ ಡಾಕ್ಟರಮ್ಮನೇ ಬಂದರು. ಅವರ ನಡಿಗೆ ನೋಡಿಯೇ ನಾನು ಕುರ್ಚಿಯಲ್ಲಿ ಕೂತೆ.

ತಮ್ಮನಿಗೆ ಎಚ್ಚರವಾಗಿತ್ತು. ಮಂಚ ಸಾಲದೆ ಪಾದಗಳು ಹೊರಗೆ ಚಾಚಿಕೊಂಡಿದ್ದವು. ಪಕ್ಕದಲ್ಲಿ ಅವನ ಹೆಂಡತಿ, ಆಸ್ಪತ್ರೆಯ ನಿಲುವಂಗಿಯಲ್ಲೇ. "ಸಿಗಲಿಲ್ಲ" ಎಂದು ಡಾಕ್ಟರಮ್ಮ ನೇರವಾಗಿ ಹೇಳಿದರು. ಸುತ್ತಿ ಬಳಸಿ ಹೇಳಲಿಲ್ಲವೆಂದು ನನಗೆ ಅವರ ಮೇಲೆ ಗೌರವ ಇದೆ.

"ಎಣ್ಣೆಯಿಂದಾನಾ?" ಅಂದ ಅವನು.

"ಹೇಳೋಕಾಗಲ್ಲ. ಎಣ್ಣೆ ಹಚ್ಚದವರಲ್ಲೂ ಅರ್ಧ ಜನಕ್ಕೆ ಸಿಗಲ್ಲ. ಅದಿಲ್ಲದಿದ್ರೆ ಸಿಗ್ತಿತ್ತು ಅಂತ ನಾನು ಹೇಳಲ್ಲ, ಸಿಗ್ತಿರಲಿಲ್ಲ ಅಂತಲೂ ಹೇಳಲ್ಲ."

ಸಿಗುತ್ತಿರಲಿಲ್ಲ ಎಂದು ಒಂದು ಸುಳ್ಳು ಹೇಳಬಾರದಿತ್ತೇ ಎಂದು ನನಗೆ ಒಂದು ಕ್ಷಣ ಅನ್ನಿಸಿತು. ಅವನು ಗೋಡೆಯ ಕಡೆ ಮುಖ ಮಾಡಿದ. ಅವಳು ಹಾಸಿಗೆಯ ಅಂಚಿಗೆ ಬಂದು, ಹೊರಗೆ ಚಾಚಿದ್ದ ಆ ಪಾದಗಳ ಮೇಲೆ ಹೊದಿಕೆ ಎಳೆದಳು. ಹೊದಿಕೆ ಸಾಲಲಿಲ್ಲ. ತನ್ನ ಶಾಲು ತೆಗೆದು ಸುತ್ತಿದಳು. ಅಂಡಾಣುಗಳನ್ನು ಶೀತಲ ಪೆಟ್ಟಿಗೆಯಲ್ಲಿ ಇಟ್ಟಿರಿ, ಮುಂದೆ ನೋಡೋಣ ಎಂದು ಡಾಕ್ಟರಮ್ಮನಿಗೆ ಹೇಳಿದವಳೂ ಅವಳೇ.

ಆಮೇಲಿನ ವಾರಗಳಲ್ಲಿ ಅವನು ಕಾಲಗಲಿಸಿ ನಡೆಯುತ್ತಾ ಅಂಗಡಿಗೆ ಬರುತ್ತಿದ್ದ. ನಾವು ಯಾರೂ ದಾನಿಯ ಮಾತೆತ್ತಲಿಲ್ಲ. ಒಂದು ಮಧ್ಯಾಹ್ನ ಸಣ್ಣ ಬಾಗಿಲಿನಿಂದ ತಲೆ ಬಗ್ಗಿಸಿಕೊಂಡು ನನ್ನ ಅಂಗಡಿಗೆ ಬಂದ. ಯಂತ್ರದ ಹತ್ತಿರ ನಿಂತು ನೂಲಿನ ಉಂಡೆ ಉರುಳಿಸಿದ.

"ಅಕ್ಕಾ, ಬೇರೆಯವರ ವೀರ್ಯಾಣು ಆದ್ರೆ, ಮಗು ನನ್ನನ್ನ ಅಪ್ಪ ಅನ್ನುತ್ತಾ?"

"ನಾನು ನಿನ್ನ ಹೆತ್ತಿದ್ದೀನೇನೋ?" ಅಂದೆ. "ಜ್ವರ ಬಂದಾಗ ಅಕ್ಕಾ ಅಂತಿದ್ದೆಯೋ, ಅಮ್ಮಾ ಅಂತಿದ್ದೆಯೋ?"

ಅಮ್ಮಾ ಅನ್ನುತ್ತಿದ್ದ. ಅದು ನಮ್ಮಿಬ್ಬರಿಗೂ ಗೊತ್ತು. ನಾನು ಸೂಜಿಗೆ ದಾರ ಪೋಣಿಸಲು ಹೋಗಿ ಕಣ್ಣು ಮಂಜಾಗಿ ಕೆಳಗಿಟ್ಟೆ. "ಹೋಗು, ನನ್ನ ಕೆಲಸ ಕೆಡಿಸಬೇಡ" ಅಂದೆ. ಆ ಸಂಜೆಯೇ ಅವನು ಹೆಂಡತಿಗೆ ಹೂಂ ಅಂದನಂತೆ.

ಮೆಲುದನಿಯ ಹುಡುಗಿ ನಮ್ಮನ್ನು ಮತ್ತೆ ಕೂರಿಸಿಕೊಂಡಳು. ದಾನಿ ಯಾರೆಂದು ತಿಳಿಸುವುದಿಲ್ಲ, ಆದರೆ ಮೈಬಣ್ಣ, ಕಣ್ಣು, ಮೈಕಟ್ಟು ಇಂಥದರಲ್ಲಿ ಆದಷ್ಟು ಹೊಂದಿಸಬಹುದು, ನಿಮಗೆ ಮುಖ್ಯವಾದದ್ದು ಏನಾದರೂ ಇದೆಯೇ ಎಂದು ಕೇಳಿದಳು. ತಮ್ಮ ನೆಲ ನೋಡುತ್ತಾ, "ಗಡ್ಡ ತುಂಬ ಬರೋರು ಆಗಲಿ" ಅಂದ. ತನ್ನಲ್ಲಿ ಇಲ್ಲದ್ದು ಮಗುವಿಗಾದರೂ ಇರಲಿ ಎಂದು ಅವನು ಹೇಳಿದ್ದು ಎಲ್ಲರಿಗೂ ತಿಳಿಯಿತು.

"ಬೇಡ" ಅಂದಳು ಅವನ ಹೆಂಡತಿ. ಎಂದಿನ ಅದೇ ದನಿ. "ಎತ್ತರದವರು ಆಗಲಿ. ಬೇರೇನೂ ಕೇಳಲ್ಲ, ತುಂಬ ಎತ್ತರ ಇರಬೇಕು. ನಮ್ಮನೇಲಿ ಮಡಿಕೆ ಬಿಚ್ಚಿ ಉದ್ದ ಮಾಡೋ ಅತ್ತಿಗೆ ಇದ್ದಾರೆ. ಅವರ ಕೈಗೆ ಬೇರೆ ಅಳತೆ ಹಿಡಿಸಲ್ಲ."

ಹುಡುಗಿಗೆ ಅರ್ಥವಾಗಲಿಲ್ಲ, ನನ್ನ ಮುಖ ನೋಡಿದಳು. ನಾನು ಕಿಟಕಿಯ ಕಡೆ ತಿರುಗಿದ್ದೆ.

ಮೊದಲ ಸಲ ಗರ್ಭ ನಿಲ್ಲಲಿಲ್ಲ. ಎರಡನೆಯ ಸಲ ನಿಂತಿತು. ಹೆಣ್ಣುಮಗು, ಹಾಗಾಗಿ ಗಡ್ಡದ ಚಿಂತೆ ಬುಡದಲ್ಲೇ ತಪ್ಪಿತು. ಎಣ್ಣೆಯ ಪ್ರಶ್ನೆ ಮಾತ್ರ ತಮ್ಮನನ್ನು ಬಿಟ್ಟುಹೋಗಿಲ್ಲ. ಮಗುವಿಗೆ ಜ್ವರ ಬಂದರೂ, ಮಗು ರಚ್ಚೆ ಹಿಡಿದರೂ, ಅವನು ನನ್ನ ಕಡೆ ನೋಡುವ ಒಂದು ನೋಟದಲ್ಲಿ ಅದು ಇರುತ್ತದೆ. ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ. ಅವನು ಈಗಲೂ ಸುತ್ತುತ್ತಲೇ ಇರುತ್ತಾನೆ.

ಈಗ ಮಗಳು ನಡೆಯುತ್ತಾಳೆ. ನಡೆಯುವುದೇನು, ಓಡುತ್ತಾಳೆ. ಆ ಅಂಗಡಿಯಿಂದ ಈ ಅಂಗಡಿಗೆ, ಈ ಅಂಗಡಿಯಿಂದ ಆ ಅಂಗಡಿಗೆ. ಹೋದ ಶನಿವಾರ ಬಾಚಣಿಗೆ ಎತ್ತಿಕೊಂಡು ಬಂದು ನನ್ನ ಪೆಡಲಿನ ಕೆಳಗೆ ತೂರಿಸಿದಳು. ಹಿಡಿದು ಸ್ಟೂಲಿನ ಮೇಲೆ ಕೂರಿಸಿದೆ, ಇಳಿದು ಓಡಿದಳು. ನಾನು ಬೈಯುತ್ತಾ ಹಿಂದೆಯೇ ಹೋದೆ. ಟೈಂಕೀಪರ್ ಬೆಂಚಿನ ಮೇಲೆ ಸರದಿಗಾಗಿ ಕಾಯುತ್ತಿದ್ದರು. ಆಪರೇಷನ್ನಿನ ವಿಷಯ ಅವರಿಗೆ ಗೊತ್ತು, ಅದರಾಚೆ ಏನಾಯಿತೆಂದು ಅವರು ಯಾವತ್ತೂ ಕೇಳಿದವರಲ್ಲ. ಮಗುವನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡರು. ಅವಳು ಕೊಸರಿಕೊಂಡು ಇಳಿದು, ಬಾಗಿಲಿಗೆ ಓಡಿ, ಕನ್ನಡಿಗೆ ಬಂದು, ಮತ್ತೆ ಬಾಗಿಲಿಗೆ ಹೋದಳು.

"ಥೇಟ್ ಅಪ್ಪನೇ ಕಣಯ್ಯಾ" ಅಂದರು ಟೈಂಕೀಪರ್. "ಕೂತಲ್ಲಿ ಕೂರೋ ಜನ ಅಲ್ಲ ನೀವು."

ಖಾಲಿ ಕುರ್ಚಿಯ ಧೂಳನ್ನು ತಮ್ಮ ಝಾಡಿಸುತ್ತಿದ್ದ. ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಅವನು ನನ್ನ ಕಡೆ ನೋಡಿದ, ಮಗುವಿನ ಕಡೆ ನೋಡಿದ. ಆಮೇಲೆ ಮೆಲ್ಲಗೆ, ಆ ಉದ್ದ ಕಾಲುಗಳನ್ನು ಮುಂದಕ್ಕೆ ಚಾಚಿ, ತನ್ನದೇ ಗಿರಾಕಿಗಳ ಕುರ್ಚಿಯಲ್ಲಿ ಕೂತುಬಿಟ್ಟ. ಮಗು ಬಂದು ಅವನ ಮೊಣಕಾಲಿಗೆ ಆತುಕೊಂಡು, ಕೈ ಮೇಲೆತ್ತಿ, ಆ ಬೋಳು ಕೆನ್ನೆಯನ್ನು ತಟ್ಟಿತು. ಅವನು ಏಳಲಿಲ್ಲ.

"ಏಯ್, ಗಿರಾಕಿ ಕಾಯ್ತಿದ್ದಾರೆ, ಏಳೋ" ಅಂದೆ ನಾನು.

"ಇರಲಿ ಬಿಡಮ್ಮಾ, ನನಗೇನು ಅವಸರ" ಅಂದರು ಟೈಂಕೀಪರ್.

ನಾನು ನನ್ನ ಅಂಗಡಿಗೆ ವಾಪಸಾದೆ. ಮಗುವಿನ ಹೊಸ ಫ್ರಾಕು ಯಂತ್ರದ ಮೇಲೆ ಅರ್ಧ ಹೊಲಿದು ಇತ್ತು. ಅಂಚಿನಲ್ಲಿ ಒಂದು ಗೇಣು ಬಟ್ಟೆ ಒಳಗೆ ಮಡಿಚಿ, ಪೆಡಲ್ ಒತ್ತಿದೆ.